ಇಂಗ್ಲಿಷ್ ಪದ ಲ್ಯಾಟಿನ್ನಿನದೋ ಫ್ರೆಂಚಿನದೋ? ಗುರುತು ಹಚ್ಚುವ ಬಗೆ

ನಮ್ಮ ಯಾವ ಪೇಟೆಬೀದಿಯಲ್ಲಿ ನೂರು ಹೆಜ್ಜೆ ನಡೆದರೂ ಮೂರು ಫಲಕಗಳು ಕಣ್ಣಿಗೆ ಬೀಳುತ್ತವೆ: ಹೋಟೆಲ್, ಹಾಸ್ಟೆಲ್, ಆಸ್ಪತ್ರೆ. ಒಂದರಲ್ಲಿ ದೋಸೆ, ಇನ್ನೊಂದರಲ್ಲಿ ಮಂಚ, ಮತ್ತೊಂದರಲ್ಲಿ ಸೂಜಿಮದ್ದು. ಮೂರಕ್ಕೂ ಮೂಲ ಒಂದೇ ಲ್ಯಾಟಿನ್ ಪದ, ‘ಹೋಸ್ಪಿಟಾಲೆ’. ಅತಿಥಿಗಳು ಇಳಿದುಕೊಳ್ಳುವ ಜಾಗ ಎಂದು ಅರ್ಥ. ಇದು ಹೆಚ್ಚು ಸವೆಯದೆ ಇಂಗ್ಲಿಷಿಗೆ ಬಂದಾಗ ಹಾಸ್ಪಿಟಲ್ ಆಯಿತು. ಅದನ್ನೇ ನಾವು ಆಸ್ಪತ್ರೆ ಮಾಡಿಕೊಂಡೆವು. ಹಳೆಯ ಫ್ರೆಂಚರ ಬಾಯಲ್ಲಿ ಸವೆದು ಹಾಸ್ಟೆಲ್ ಆಯಿತು. ಆಮೇಲೆ ಫ್ರೆಂಚರು ನಡುವಿನ ‘ಸ’ಕಾರವನ್ನೂ ನುಂಗಿಕೊಂಡರು, ಆ ರೂಪ ತಡವಾಗಿ ಬಂದು ಹೋಟೆಲ್ ಆಯಿತು.

“ಇಂಗ್ಲಿಷಿನಲ್ಲಿ ಯಾವ ಪದ ಲ್ಯಾಟಿನ್ನಿನದು, ಯಾವುದು ಫ್ರೆಂಚಿನದು ಎಂದು ಹೇಗೆ ತಿಳಿಯುವುದು?” ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೇಳುವವರಲ್ಲಿ ಶಿಕ್ಷಕರಿದ್ದಾರೆ, ಅನುವಾದಕರಿದ್ದಾರೆ, ಸ್ಪೆಲಿಂಗಿನ ಕಾಟ ತಡೆಯಲಾರದ ವಿದ್ಯಾರ್ಥಿಗಳೂ ಇದ್ದಾರೆ. ಒಬ್ಬೊಬ್ಬರಿಗೂ ಬಿಡಿಯಾಗಿ ಬರೆಯುವ ಬದಲು ಇಡೀ ವಿಧಾನವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ.

ಶುರುಮಾಡುವ ಮುನ್ನ

ಈ ಕೆಲಸದಲ್ಲಿ ಕನ್ನಡಿಗರಿಗೆ ಇಂಗ್ಲಿಷರಿಗಿಂತ ಅನುಕೂಲ ಹೆಚ್ಚು. ತತ್ಸಮ, ತದ್ಭವ ಎಂದು ಶಾಲೆಯಲ್ಲಿ ಉರುಹೊಡೆದದ್ದು ನೆನಪಿದೆಯಲ್ಲ? ‘ಸಂಧ್ಯಾ’ ಇದ್ದ ಹಾಗೇ ಬಂದರೆ ತತ್ಸಮ, ಬಾಯಿಂದ ಬಾಯಿಗೆ ಸವೆದು ‘ಸಂಜೆ’ಯಾದರೆ ತದ್ಭವ. ಲ್ಯಾಟಿನ್ ಮತ್ತು ಫ್ರೆಂಚಿನ ಸಂಬಂಧವೂ ಇದೇ. ಇಂದಿನ ಫ್ರಾನ್ಸಿನ ನೆಲದಲ್ಲಿ ರೋಮನ್ ಸಿಪಾಯಿಗಳೂ ವ್ಯಾಪಾರಿಗಳೂ ಆಡುತ್ತಿದ್ದ ಲ್ಯಾಟಿನ್ನೇ ಶತಮಾನಗಳ ಕಾಲ ಸವೆದು ಫ್ರೆಂಚ್ ಆಯಿತು. ಹಾಗಾಗಿ ಇಂಗ್ಲಿಷಿನಲ್ಲಿರುವ ಫ್ರೆಂಚ್ ಪದಗಳಲ್ಲಿ ಬಹುಪಾಲು ಲ್ಯಾಟಿನ್ನಿನ ತದ್ಭವಗಳು. ಫ್ರೇಲ್ ಮತ್ತು ಫ್ರ್ಯಾಜೈಲ್ ಎರಡೂ ಒಂದೇ ಪದ. ಮೊದಲನೆಯದು ಸಂಜೆ, ಎರಡನೆಯದು ಸಂಧ್ಯಾ. ಪೂರ್ ಮತ್ತು ಪಾಪರ್, ಶೂರ್ ಮತ್ತು ಸೆಕ್ಯೂರ್, ಕೌಂಟ್ ಮತ್ತು ಕಂಪ್ಯೂಟ್ ಹೀಗೆಯೇ ಜೋಡಿಗಳು. ಸವೆದು ಗಿಡ್ಡವಾದದ್ದು ಫ್ರೆಂಚರ ನಾಲಿಗೆಯ ಮೇಲಿಂದ ಬಂದದ್ದು. ಇಡಿಯಾಗಿ ಉಳಿದದ್ದು ಪುಸ್ತಕದಿಂದ ಬಂದದ್ದು, ನೇರವಾಗಿ ಇಲ್ಲವೇ ಫ್ರೆಂಚ್ ಪಂಡಿತರ ಕೈದಾಟಿ.

ಆದ್ದರಿಂದ ‘ಲ್ಯಾಟಿನ್ನೋ ಫ್ರೆಂಚೋ’ ಎಂಬ ಪ್ರಶ್ನೆಯೇ ತುಸು ಸೊಟ್ಟಗಿದೆ. ಅನೇಕ ಪದಗಳಿಗೆ ಉತ್ತರ ‘ಎರಡೂ’. ಪದ ಯಾವಾಗ ಬಂತು, ಯಾರ ಬಾಯಿಂದ ಬಂತು ಎಂದು ಕೇಳಿದರೆ ಕೆಲಸ ಸಲೀಸಾಗುತ್ತದೆ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ವ್ಯುತ್ಪತ್ತಿ, ಅಂದರೆ ಪದದ ಹುಟ್ಟು ಮತ್ತು ಬಂದ ದಾರಿ, ಕೊಡುವ ಒಂದು ಇಂಗ್ಲಿಷ್ ನಿಘಂಟು. ಒಂದು ನೋಟ್ ಪುಸ್ತಕ. ದಿನಪತ್ರಿಕೆಯ ಯಾವುದಾದರೂ ಸುದ್ದಿಯಿಂದ ಆರಿಸಿದ ಮೂವತ್ತು ಪದ. ನಿಘಂಟನ್ನು ಸದ್ಯಕ್ಕೆ ಮುಚ್ಚಿಯೇ ಇಡಿ. ಮೊದಲು ಊಹೆ, ಆಮೇಲೆ ತಾಳೆ. ಈ ಕ್ರಮ ತಲೆಕೆಳಗಾದರೆ ಏನೂ ಕಲಿತಂತಾಗುವುದಿಲ್ಲ.

ಹಂತ 1: ನಾಲ್ಕು ಬಾಗಿಲುಗಳನ್ನು ತಿಳಿದುಕೊಳ್ಳಿ

ಮೊದಲ ಬಾಗಿಲು ಬ್ರಿಟನ್ನಿನ ಹೊರಗೇ ಇತ್ತು. ಇಂಗ್ಲಿಷರ ಪೂರ್ವಜರಾದ ಜರ್ಮಾನಿಕ್ ಬುಡಕಟ್ಟುಗಳು 5ನೇ ಶತಮಾನದಲ್ಲಿ ಕಡಲು ದಾಟುವ ಮುಂಚೆಯೇ ರೋಮನ್ನರೊಡನೆ ವ್ಯಾಪಾರ, ಜಗಳ ಎರಡನ್ನೂ ಮಾಡುತ್ತಿದ್ದವು. ಆಗ ಸಿಕ್ಕಿದ ಪದಗಳೆಲ್ಲ ಕೈಗೆ ತಾಗುವ ವಸ್ತುಗಳವು: ಸ್ಟ್ರೀಟ್ (ಕಲ್ಲು ಹಾಸಿದ ದಾರಿ), ವಾಲ್, ವೈನ್, ಚೀಸ್, ಕಿಚನ್, ಮೈಲ್ (ಸಾವಿರ ಹೆಜ್ಜೆ). ಮ್ಯಾಂಚೆಸ್ಟರ್, ಲ್ಯಾಂಕಾಸ್ಟರ್ ಎಂಬ ಊರುಗಳ ಬಾಲದಲ್ಲಿರುವುದು ‘ಕಾಸ್ತ್ರಾ’, ಅಂದರೆ ದಂಡಿನ ಬಿಡಾರ. ಬೆಂಗಳೂರಿನ ಕಂಟೋನ್ಮೆಂಟನ್ನು ದಂಡು ಎಂದು ಕರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಬಾಗಿಲು ಚರ್ಚಿನದು. 597ರಲ್ಲಿ ಪೋಪ್ ಗ್ರೆಗರಿ ಕಳಿಸಿದ ಆಗಸ್ಟಿನ್ ಕೆಂಟ್ ಪ್ರಾಂತಕ್ಕೆ ಬಂದಿಳಿದ. ಅವನ ಹಿಂದೆ ಮಂಕ್, ಬಿಷಪ್, ಕ್ಯಾಂಡಲ್, ಸ್ಕೂಲ್ ಮುಂತಾದವು ಬಂದವು. ಇವುಗಳಲ್ಲಿ ಕೆಲವು ಮೂಲತಃ ಗ್ರೀಕ್. ಲ್ಯಾಟಿನ್ ಅಂಗಿ ತೊಟ್ಟು ಬಂದವು.

ಮೂರನೆಯದು ಹೆಬ್ಬಾಗಿಲು. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್ ಯುದ್ಧದಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತದ ವಿಲಿಯಂ ಗೆದ್ದು ಇಂಗ್ಲೆಂಡಿನ ದೊರೆಯಾದ. ಮುಂದೆ ಬಹುಕಾಲ ಇಂಗ್ಲೆಂಡಿನಲ್ಲಿ ಮೂರು ನುಡಿಗಳ ಸಂಸಾರ: ಅರಮನೆಯಲ್ಲೂ ನ್ಯಾಯಾಲಯದಲ್ಲೂ ಫ್ರೆಂಚ್, ದಫ್ತರದಲ್ಲಿ ಲ್ಯಾಟಿನ್, ಹೊಲಗದ್ದೆಯಲ್ಲಿ ಇಂಗ್ಲಿಷ್. ವಿಲಿಯಂ 1086ರಲ್ಲಿ ಮಾಡಿಸಿದ ದೊಡ್ಡ ಭೂಮಾಪನದ ದಾಖಲೆ ಇರುವುದು ಲ್ಯಾಟಿನ್ನಿನಲ್ಲಿ. ಪಾರ್ಲಿಮೆಂಟ್, ಕೋರ್ಟ್, ಜಡ್ಜ್, ಪ್ರಿಸನ್, ಟ್ಯಾಕ್ಸ್, ರೆಂಟ್ ಎಲ್ಲವೂ ಈ ಹೆಬ್ಬಾಗಿಲಿನವು. ನಮ್ಮಲ್ಲಿ ಅರ್ಜಿ, ಜಾಮೀನು, ವಕೀಲ, ತಹಶೀಲ್ದಾರ ಬಂದ ದಾರಿ ಯಾವುದೆಂದು ಒಮ್ಮೆ ಯೋಚಿಸಿ. ಆಳುವವರ ಭಾಷೆ ಮೊದಲು ಹೊಕ್ಕುವುದು ಕಚೇರಿಗೇ.

ಇಲ್ಲಿ ಬಹಳ ಮಂದಿ ಎಡವುತ್ತಾರೆ. 1066ರ ಮರುದಿನವೇ ಫ್ರೆಂಚ್ ಪದಗಳ ಪ್ರವಾಹ ಬಂತು ಎಂದುಕೊಳ್ಳಬೇಡಿ. ಮೊದಲ ಇನ್ನೂರು ವರ್ಷ ಬಂದದ್ದು ತೊಟ್ಟು ತೊಟ್ಟಾಗಿ. ನಿಜವಾದ ನೆರೆ 1250ರಿಂದ 1400ರ ಸುಮಾರಿನದು. ಕಾರಣ ಸ್ವಾರಸ್ಯವಾಗಿದೆ. 1204ರಲ್ಲಿ ಜಾನ್ ದೊರೆ ನಾರ್ಮಂಡಿಯನ್ನು ಕಳೆದುಕೊಂಡ. ಕಡಲಾಚೆಯ ಜಮೀನಿನ ನಂಟು ಕಡಿದ ಮೇಲೆ ಕುಲೀನರು ನಿಧಾನವಾಗಿ ಇಂಗ್ಲಿಷಿಗೆ ಹೊರಳಿದರು. ಹೊರಳುವಾಗ ತಮಗೆ ಅಭ್ಯಾಸವಾದ ಫ್ರೆಂಚ್ ಪದಗಳನ್ನೂ ಹೊತ್ತು ತಂದರು. ಅಂದರೆ ಫ್ರೆಂಚರಂತೆ ಮಾತಾಡುವುದನ್ನು ಅವರು ಬಿಟ್ಟಾಗಲೇ ಇಂಗ್ಲಿಷಿನಲ್ಲಿ ಫ್ರೆಂಚ್ ತುಂಬಿಕೊಂಡಿತು. 1362ರಲ್ಲಿ ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾನೂನು ಮಾಡಿದರು. ಆ ಕಾನೂನನ್ನು ಬರೆದದ್ದು ಫ್ರೆಂಚಿನಲ್ಲಿ. ನಡಾವಳಿಯ ದಾಖಲೆ ಲ್ಯಾಟಿನ್ನಿನಲ್ಲೇ ಇರಲಿ ಎಂದೂ ಅದರಲ್ಲೇ ಸೇರಿಸಿದರು. ಕಚೇರಿಗಳ ಸ್ವಭಾವ ಎಲ್ಲ ಕಾಲಕ್ಕೂ ಒಂದೇ.

ನಾಲ್ಕನೆಯ ಬಾಗಿಲು ಪಂಡಿತರದು. ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ ಮೇಲೆ, 16 ಮತ್ತು 17ನೇ ಶತಮಾನಗಳಲ್ಲಿ, ಓದಿದವರು ಲ್ಯಾಟಿನ್ ಗ್ರಂಥಗಳಿಂದ ಪದಗಳನ್ನು ಹಿಡಿ ಹಿಡಿಯಾಗಿ ಬಾಚಿದರು. ಇದು ಅತಿಯಾಯಿತೆಂದು ಸಿಟ್ಟಾದವರೂ ಇದ್ದರು. ಕೇಂಬ್ರಿಜಿನ ವಿದ್ವಾಂಸ ಜಾನ್ ಚೀಕ್ ಬೈಬಲಿನ ಒಂದು ಭಾಗವನ್ನು ಅನುವಾದಿಸುವಾಗ ‘ಲೂನಟಿಕ್’ ಬೇಡವೆಂದು ‘ಮೂನ್ಡ್’ ಎಂದೂ, ‘ಸೆಂಚುರಿಯನ್’ ಬೇಡವೆಂದು ‘ಹಂಡ್ರೆಡರ್’ ಎಂದೂ ಬರೆದ. 13ನೇ ಶತಮಾನದಲ್ಲಿ ಸಂಸ್ಕೃತ ತತ್ಸಮಗಳನ್ನು ದೂರವಿಟ್ಟು ಕಾವ್ಯ ಕಟ್ಟಿದ ನಮ್ಮ ಆಂಡಯ್ಯನಿಗೆ ಚೀಕ್ ಸಿಕ್ಕಿದ್ದರೆ ಇಬ್ಬರೂ ರಾತ್ರಿಯಿಡೀ ಹರಟುತ್ತಿದ್ದರು.

ಇದಾದ ಮೇಲೆ ಫ್ಯಾಷನ್ನಿನ ಒಂದು ಕಿಟಕಿಯೂ ತೆರೆಯಿತು. ರೆಸ್ಟೋರೆಂಟ್, ಮೆನು, ಬ್ಯೂರೋ, ಗ್ಯಾರೇಜ್ ಅದರೊಳಗಿಂದ ಬಂದವು. ಇವು ಫ್ರೆಂಚ್ ಅತ್ತರನ್ನು ಇನ್ನೂ ಹಚ್ಚಿಕೊಂಡೇ ಇವೆ.

ಹಂತ 2: ಮನೆಮಾತನ್ನು ಬದಿಗಿಡಿ

ನಿಮ್ಮ ಮೂವತ್ತು ಪದಗಳಲ್ಲಿ ಮೊದಲು ಅಚ್ಚ ಇಂಗ್ಲಿಷನ್ನು ಬೇರ್ಪಡಿಸಿ. ಇಂಗ್ಲಿಷ್ ನಿಘಂಟಿನ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯಾಟಿನ್, ಫ್ರೆಂಚ್ ಮೂಲದವು. ಆದರೆ ಅತಿ ಹೆಚ್ಚು ಬಳಕೆಯಾಗುವ ನೂರು ಪದಗಳನ್ನು ನೋಡಿದರೆ ಬಹುತೇಕ ಎಲ್ಲವೂ ಮನೆಯವು. ಸರ್ವನಾಮಗಳು, ಸಣ್ಣ ಸಂಖ್ಯೆಗಳು, ಈಟ್, ಡ್ರಿಂಕ್, ಸ್ಲೀಪ್, ಹ್ಯಾಂಡ್, ಹೌಸ್, ಮದರ್, ಫಾದರ್ ಇಂಥವು. ಪದದ ಮೊದಲಲ್ಲಿ ಉಚ್ಚರಿಸದ ಕೆ ಅಕ್ಷರವಿದ್ದರೆ (ತಿಳಿ ಎಂಬರ್ಥದ ನೋ, ಮೊಣಕಾಲು ಎಂಬರ್ಥದ ನೀ), ನಡುವೆ ಮೌನವಾದ ಜಿ-ಎಚ್ ಇದ್ದರೆ (ಲೈಟ್, ನೈಟ್, ಡಾಟರ್) ಹೆಚ್ಚಿನ ಅನುಮಾನವಿಲ್ಲದೆ ಈ ಗುಂಪಿಗೆ ಸೇರಿಸಿ.

ಇಲ್ಲಿ ಮೂರು ಗುಂಡಿಗಳಿವೆ.

ಒಂದು, ಉದ್ದದ ಪದವೆಲ್ಲ ಲ್ಯಾಟಿನ್, ಗಿಡ್ಡದ್ದೆಲ್ಲ ಇಂಗ್ಲಿಷ್ ಎಂಬ ನಂಬಿಕೆ. ಅಂಡರ್‌ಸ್ಟ್ಯಾಂಡಿಂಗ್, ನೇಬರ್‌ಹುಡ್ ಉದ್ದವಿದ್ದರೂ ಮನೆಯ ಮಕ್ಕಳು. ಯೂಸ್, ಪೇ, ಕ್ರೈ, ಫೇಸ್, ಏಜ್, ಕೊನೆಗೆ ‘ವೆರಿ’ ಕೂಡ ಫ್ರೆಂಚ್.

ಎರಡು, ಉತ್ತರದಿಂದ ಬಂದ ವೈಕಿಂಗರನ್ನು ಮರೆಯುವುದು. ಸ್ಕೈ, ಎಗ್, ವಿಂಡೋ, ‘ದೇ’ ಎಂಬ ಸರ್ವನಾಮ, ‘ಲಾ’ ಎಂಬ ಪದ, ಇವೆಲ್ಲ ನಾರ್ಸ್ ಭಾಷೆಯವು. ಕೋರ್ಟಿನೊಳಗಿನ ಬಹುತೇಕ ಸಾಮಾನು ಫ್ರೆಂಚರದಾದರೂ ಕಾನೂನು ಎಂಬುದಕ್ಕಿರುವ ಪದ ಮಾತ್ರ ವೈಕಿಂಗರದು.

ಮೂರು, ಸ್ಪೆಲಿಂಗನ್ನು ಕಣ್ಣುಮುಚ್ಚಿ ನಂಬುವುದು. ‘ಕ್ವೀನ್’ ಪದದ ಕ್ಯು-ಯು ನೋಡಿದರೆ ಫ್ರೆಂಚ್ ಎನಿಸುತ್ತದೆ. ಪದ ಮಾತ್ರ ಅಚ್ಚ ಇಂಗ್ಲಿಷ್. ಮೊದಲು ಸಿ-ಡಬ್ಲ್ಯು ಎಂದು ಬರೆಯುತ್ತಿದ್ದುದನ್ನು ಫ್ರೆಂಚ್ ಪದ್ಧತಿಯಲ್ಲಿ ಕಲಿತ ಲಿಪಿಕಾರರು ತಮ್ಮ ರೂಢಿಗೆ ತಿದ್ದಿದರು. ರಾಣಿ ಮನೆಯವಳು, ಸೀರೆ ಮಾತ್ರ ಹೊರಗಿನದು.

ಸಂಬಂಧವಾಚಕಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಫಾದರ್, ಮದರ್ ಮನೆಯವು. ಅಂಕಲ್, ಆಂಟ್, ಕಸಿನ್ ಫ್ರೆಂಚಿನವು. ಅಂಕಲ್ ಹಿಂದಿನ ಲ್ಯಾಟಿನ್ ‘ಅವುಂಕುಲುಸ್’ ಎಂದರೆ ತಾಯಿಯ ಅಣ್ಣ ಅಥವಾ ತಮ್ಮ, ಅಂದರೆ ಸೋದರಮಾವ ಮಾತ್ರ. ತಂದೆಯ ಸೋದರನಿಗೆ ‘ಪತ್ರುಉಸ್’ ಎಂಬ ಬೇರೆ ಪದವಿತ್ತು. ಆಂಟ್ ಹಿಂದಿನ ‘ಅಮಿತಾ’ ತಂದೆಯ ಸೋದರಿ, ನಮ್ಮ ಸೋದರತ್ತೆ; ತಾಯಿಯ ಸೋದರಿಗೆ ಇನ್ನೊಂದು ಪದ. ಮಾವ, ಚಿಕ್ಕಪ್ಪ, ಅತ್ತೆ, ಚಿಕ್ಕಮ್ಮ ಎಂದು ನಾವು ಮಾಡುವ ಭೇದವನ್ನು ರೋಮನ್ನರೂ ಮಾಡುತ್ತಿದ್ದರು. ಆ ಭೇದ ದಾರಿಯಲ್ಲಿ ಕಳೆದುಹೋಯಿತು. ಈಗ ಪಕ್ಕದ ಮನೆಯವರಿಂದ ಹಿಡಿದು ಆಟೋ ಚಾಲಕನವರೆಗೆ ಎಲ್ಲರನ್ನೂ ನಾವು ಸೋದರಮಾವ ಎಂದು ಕರೆಯುತ್ತಿದ್ದೇವೆ.

ಹಂತ 3: ಜೋಡಿ ಹುಡುಕಿ

ಮನೆಮಾತಿನ ನಾಮಪದ ಸಿಕ್ಕರೆ ಅದರ ವಿಶೇಷಣ ಯಾವುದೆಂದು ಕೇಳಿಕೊಳ್ಳಿ. ಟೂತ್ ಮನೆಯದು, ಡೆಂಟಲ್ ಲ್ಯಾಟಿನ್. ಸನ್, ಸೋಲಾರ್. ಮೂನ್, ಲೂನಾರ್. ಹ್ಯಾಂಡ್, ಮ್ಯಾನ್ಯುಯಲ್. ನಮಗಿದು ಹೊಸದಲ್ಲ: ನೋಯುವುದು ಹಲ್ಲು, ತೋರಿಸುವುದು ದಂತವೈದ್ಯರಿಗೆ, ಹತ್ತುವುದು ಬೆಂಕಿ, ಆರಿಸುವುದು ಅಗ್ನಿಶಾಮಕ ದಳ, ಕುಡಿಯುವುದು ನೀರು, ಬಿಲ್ಲು ಕಳಿಸುವುದು ಜಲಮಂಡಳಿ.

ಈ ಜೋಡಿಗಳಲ್ಲಿ ಒಂದು ನಿಯಮ ಅಡಗಿದೆ. ಲ್ಯಾಟಿನ್ ಕಡೆ ಪ ಇದ್ದಲ್ಲಿ ಇಂಗ್ಲಿಷ್ ಕಡೆ ಫ: ಪೆಟರ್ನಲ್, ಫಾದರ್, ಪೆಡಲ್, ಫುಟ್. ಅಲ್ಲಿ ಟ ಇದ್ದಲ್ಲಿ ಇಲ್ಲಿ ಥ: ಟ್ರಿಪಲ್, ಥ್ರೀ. ಅಲ್ಲಿ ಕ ಇದ್ದಲ್ಲಿ ಇಲ್ಲಿ ಹ: ಕಾರ್ಡಿಯಲ್, ಹಾರ್ಟ್, ಯೂನಿಕಾರ್ನ್‌ನ ಕಾರ್ನ್, ಹಾರ್ನ್. ಹಳಗನ್ನಡದ ಪಾಲು, ಪುಲಿ, ಪೂ ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ ಆದ ಹಾಗೆ ಇದು ಕ್ರಮಬದ್ಧವಾದ ಧ್ವನಿ ಬದಲಾವಣೆ. ಹೀಗೆ ಹೊಂದುವ ಜೋಡಿಗಳಲ್ಲಿ ಒಂದು ಇನ್ನೊಂದರ ಮಗುವಲ್ಲ, ಎರಡೂ ದಾಯಾದಿಗಳು. ಇಂಥವನ್ನು ಜ್ಞಾತಿಪದ ಎನ್ನುತ್ತಾರೆ.

ಇಲ್ಲಿನ ಗುಂಡಿ ನಮ್ಮ ಕಡೆಯವರಿಗೇ ಮೀಸಲು. ದಂತ, ಡೆಂಟಲ್, ಟೂತ್. ಪಿತೃ, ಪೆಟರ್ನಲ್, ಫಾದರ್. ಹೀಗೆ ಮೂರು ಮೂರು ಸಾಲಾಗಿ ಕಂಡೊಡನೆ ‘ಎಲ್ಲವೂ ಸಂಸ್ಕೃತದಿಂದಲೇ ಹೋದದ್ದು’ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷಿನ ಹಳೆಯ ರೂಪ, ಮೂರೂ ಒಂದು ಕಾಣದ ಹಿರಿಯರ ಸಂತಾನ. ಭಾಷಾಪಂಡಿತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಇದನ್ನೇ: ಈ ಭಾಷೆಗಳಿಗೆ ಸಮಾನ ಮೂಲವೊಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ.

ಊಟದ ತಟ್ಟೆಯ ಜೋಡಿಗಳೂ ಪ್ರಸಿದ್ಧ. ಹಟ್ಟಿಯಲ್ಲಿ ಕೌ, ಶೀಪ್, ಪಿಗ್. ತಟ್ಟೆಯಲ್ಲಿ ಬೀಫ್, ಮಟನ್, ಪೋರ್ಕ್. ಸಾಕಿದವನು ಇಂಗ್ಲಿಷ್ ರೈತ, ತಿಂದವನು ಫ್ರೆಂಚ್ ಧಣಿ ಎಂಬ ವಿವರಣೆಯನ್ನು ಮನೆಮಾತಾಗಿಸಿದ್ದು ವಾಲ್ಟರ್ ಸ್ಕಾಟನ 1819ರ ಕಾದಂಬರಿ ‘ಐವನ್‌ಹೋ’. ಕೇಳಲು ಚೆನ್ನಾಗಿದೆ, ಪೂರ್ತಿ ಸುಳ್ಳೂ ಅಲ್ಲ. ಆದರೆ ಮಧ್ಯಕಾಲದಲ್ಲಿ ಬೀಫ್, ಮಟನ್ ಎಂಬ ಪದಗಳನ್ನು ಜೀವಂತ ಪ್ರಾಣಿಗಳಿಗೂ ಬಳಸುತ್ತಿದ್ದರು. ಹಟ್ಟಿ, ತಟ್ಟೆಗಳ ಗೆರೆ ಗಟ್ಟಿಯಾದದ್ದು ಬಹಳ ತಡವಾಗಿ. ಪರೀಕ್ಷೆಯಲ್ಲಿ ಬರೆಯುವಾಗ ಈ ಎರಡನೆಯ ವಾಕ್ಯವನ್ನೂ ಸೇರಿಸಿ.

ಹಂತ 4: ಕಿವಿಗೊಡಿ

ಫ್ರೆಂಚ್ ಪದ ಯಾವ ಕಾಲದ್ದು, ಯಾವ ಸೀಮೆಯದು ಎಂಬುದನ್ನು ಉಚ್ಚಾರಣೆಯೇ ಹೇಳುತ್ತದೆ.

ಸಿ-ಎಚ್ ಅಕ್ಷರಗಳನ್ನು ‘ಚ’ ಎಂದು ಉಚ್ಚರಿಸಿದರೆ ಮಧ್ಯಕಾಲದ ಫ್ರೆಂಚ್: ಚೇರ್, ಚೈನ್, ಚೀಫ್. ‘ಶ’ ಎಂದು ಉಚ್ಚರಿಸಿದರೆ ಈಚಿನ ಫ್ರೆಂಚ್: ಮಷೀನ್, ಶಾಂಪೇನ್, ಶೆಫ್. ಫ್ರಾನ್ಸಿನಲ್ಲೇ ಚಕಾರ ಸವೆದು ಶಕಾರವಾದದ್ದರಿಂದ ಈ ವ್ಯತ್ಯಾಸ. ಹಾಗಾಗಿ ಚೀಫ್, ಶೆಫ್ ಒಂದೇ ಪದ. ಎರಡರ ಹಿಂದೆಯೂ ತಲೆ ಎಂಬರ್ಥದ ಲ್ಯಾಟಿನ್ ‘ಕಾಪುಟ್’ ಇದೆ. ಅವೇ ಅಕ್ಷರಗಳನ್ನು ‘ಕ’ ಎಂದರೆ ಹೆಚ್ಚಾಗಿ ಗ್ರೀಕ್: ಕೆಮಿಸ್ಟ್ರಿ, ಕ್ಯಾರೆಕ್ಟರ್. ಪದದ ಕೊನೆಯ ಎ-ಜಿ-ಇ ಕೂಡ ಇಂಥದೇ ಸಾಕ್ಷಿ. ವಿಲೇಜ್, ಮ್ಯಾರೇಜ್ ಎಂಬಲ್ಲಿ ಕೊನೆ ಮೊಟಕಾಗಿ ‘ಇಜ್’ ಆಗಿದೆ, ಅಂದರೆ ಹಳೆಯ ಬಂಟ; ಮಸಾಜ್ ಎಂಬಲ್ಲಿ ದೀರ್ಘ ಹಾಗೇ ಉಳಿದಿದೆ, ಅಂದರೆ ಹೊಸಬ.

ಸೀಮೆಯ ಪರೀಕ್ಷೆ ಇನ್ನೂ ಸೊಗಸು. ಹಾಸ್ಟೆಲ್ ಸೇರುವ ಅರ್ಜಿಯಲ್ಲಿ ಕೆಳಗೆ ಎರಡು ಸಹಿ ಇರುತ್ತವೆ, ವಾರ್ಡನ್ ಅವರದೊಂದು, ಗಾರ್ಡಿಯನ್ ಅವರದೊಂದು. ಎರಡೂ ಒಂದೇ ಪದ. ನಾರ್ಮಂಡಿಯವರು ವ ಎಂದಲ್ಲಿ ಪ್ಯಾರಿಸಿನ ಕಡೆಯವರು ಗ ಎನ್ನುತ್ತಿದ್ದರು. ವಾರಂಟಿ, ಗ್ಯಾರಂಟಿ ಹೀಗೆಯೇ ಬೇರೆಯಾದವು. ಮಿಕ್ಸಿ ಕೊಳ್ಳುವಾಗ ಅಂಗಡಿಯವನು ಇವೆರಡರ ಭೇದವನ್ನು ಗಂಟೆಗಟ್ಟಲೆ ವಿವರಿಸಿದರೂ ಮೂಲದಲ್ಲಿ ಭೇದವಿಲ್ಲ. ಇನ್ನೊಂದು ಜೋಡಿ ಕ ಮತ್ತು ಚ: ನಾರ್ಮನ್ನರ ‘ಕ್ಯಾಟಲ್’, ಪ್ಯಾರಿಸಿಗರ ‘ಚ್ಯಾಟಲ್’. ಎರಡಕ್ಕೂ ಮೂಲಾರ್ಥ ಆಸ್ತಿ. ಮೊದಲನೆಯದು ದನಕರುವಾಯಿತು, ಎರಡನೆಯದು ಚರಾಸ್ತಿಯಾಗಿ ಕಾನೂನಿನ ಪುಸ್ತಕದಲ್ಲಿ ಉಳಿಯಿತು. ಧನ ನಮ್ಮಲ್ಲಿ ದನವಾಯಿತಲ್ಲ, ಹಾಗೆ.

ಎಚ್ಚರಿಕೆ: ವಾರ್ಡನ್, ವಾರಂಟಿ, ಗಾರ್ಡ್, ವಾರ್ ಇವು ಫ್ರೆಂಚಿನಿಂದ ಬಂದರೂ ಲ್ಯಾಟಿನ್ ಅಲ್ಲ. ಫ್ರಾನ್ಸನ್ನು ಗೆದ್ದ ಫ್ರ್ಯಾಂಕರು ಜರ್ಮಾನಿಕ್ ಬುಡಕಟ್ಟಿನವರು. ಈ ಪದಗಳು ಅವರವು. ಮೇಲೆ ನಾನು ‘ಬಹುಪಾಲು’ ಎಂದು ತೂಕಮಾಡಿ ಬರೆದದ್ದು ಇವಕ್ಕಾಗಿ.

ಹಂತ 5: ಮೌನದ ಅಕ್ಷರಗಳನ್ನು ವಿಚಾರಿಸಿ

ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಬಿ ಏಕಿದೆ? ಅದನ್ನು ಬಿಟ್ಟು ಬರೆದು ಏಟು ತಿಂದವರು ನಮ್ಮಲ್ಲಿ ಕಡಿಮೆಯಿಲ್ಲ. ವಾಸ್ತವದಲ್ಲಿ ಏಟು ತಿಂದವರ ಸ್ಪೆಲಿಂಗೇ ಇತಿಹಾಸಕ್ಕೆ ಹತ್ತಿರ. ಫ್ರೆಂಚಿನಿಂದ ಈ ಪದ ಬಂದಾಗ ಬಿ ಇರಲೇ ಇಲ್ಲ. ನಾಲ್ಕನೆಯ ಬಾಗಿಲಿನ ಪಂಡಿತರು ಇದರ ಅಜ್ಜ ಲ್ಯಾಟಿನ್ನಿನ ‘ಡೆಬಿಟುಮ್’ ಎಂದು ತೋರಿಸಲು ಬಿ ಸೇರಿಸಿದರು. ಬಾಯಿ ಒಪ್ಪಲಿಲ್ಲ, ಕೈ ಒಪ್ಪಿತು. ಡೌಟ್ ಪದದ ಬಿ, ರಿಸೀಟ್ ಪದದ ಪಿ, ಇಂಡೈಟ್ ಪದದ ಸಿ, ಸಾಮನ್ ಮೀನಿನ ಎಲ್, ಎಲ್ಲವೂ ಇದೇ ಉತ್ಸಾಹದ ಫಲ. ಕೆಲವು ಕಡೆ ಬಾಯಿಯೂ ಸೋತಿತು: ‘ಫಾಲ್ಟ್’ ಪದಕ್ಕೆ ತುರುಕಿದ ಎಲ್ ಅನ್ನು ಈಗ ಎಲ್ಲರೂ ಉಚ್ಚರಿಸುತ್ತಾರೆ.

ಆದ್ದರಿಂದ ಇಂಥ ಮೌನದ ಬಿ, ಪಿ, ಸಿ ಕಂಡರೆ ಹೀಗೆ ಬರೆದುಕೊಳ್ಳಿ: ‘ಫ್ರೆಂಚ್ ದೇಹ, ಲ್ಯಾಟಿನ್ ಆಭರಣ’. ಅಪವಾದ ‘ಐಲ್ಯಾಂಡ್’. ಅದು ಅಚ್ಚ ಇಂಗ್ಲಿಷ್ ಪದ. ಲ್ಯಾಟಿನ್ ‘ಇನ್ಸುಲಾ’ದಿಂದ ಬಂದ ‘ಐಲ್’ ಜೊತೆ ಗೊಂದಲಪಟ್ಟು ಅದಕ್ಕೂ ಒಂದು ಎಸ್ ತೊಡಿಸಿದರು. ಪಂಡಿತರೂ ತಪ್ಪುತ್ತಾರೆ, ಆ ತಪ್ಪು ಐನೂರು ವರ್ಷ ಉಳಿಯುತ್ತದೆ.

ಪದದ ಮೊದಲಿನ ಮೌನ ಎಚ್ ಬೇರೆ ಕಥೆ. ಅವರ್ (ಗಂಟೆ), ಆನರ್, ಆನೆಸ್ಟ್ ಇವುಗಳ ಹಕಾರವನ್ನು ನುಂಗಿದ್ದು ಫ್ರೆಂಚರು. ಅಂಥ ಎಚ್ ಇದ್ದರೆ ಫ್ರೆಂಚ್ ಎಂದು ಧೈರ್ಯವಾಗಿ ಬರೆಯಿರಿ.

ಹಂತ 6: ಬಾಲ ನೋಡಿ, ಆದರೆ ಬಾಲವನ್ನೇ ನಂಬಬೇಡಿ

ಶನ್, ಮೆಂಟ್, ಇಟಿ, ಅಬಲ್ ಮುಂತಾದ ಪ್ರತ್ಯಯಗಳು, ಅಂದರೆ ಪದದ ಕೊನೆಗೆ ಹತ್ತುವ ತುಣುಕುಗಳು, ಲ್ಯಾಟಿನ್, ಫ್ರೆಂಚಿನವು. ಹೆಚ್ಚಿನ ಮಾರ್ಗದರ್ಶಿಗಳು ಇಲ್ಲಿಂದಲೇ ಆರಂಭಿಸುತ್ತವೆ. ನಾನು ಬೇಕೆಂದೇ ಹಿಂದಕ್ಕೆ ತಳ್ಳಿದ್ದೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ನಡೆಯುವುದು ಇಲ್ಲೇ. ಸ್ಟಾರ್ವೇಷನ್, ಈಟಬಲ್, ಶಿಪ್‌ಮೆಂಟ್ ಇವುಗಳ ಮೈ ಇಂಗ್ಲಿಷ್, ಬಾಲ ಮಾತ್ರ ಹೊರಗಿನದು. ಬ್ಯೂಟಿಫುಲ್, ಯೂಸ್‌ಲೆಸ್ ಇದರ ತಿರುವುಮುರುವು. ಬಾಲ ಕಿತ್ತು ಪಕ್ಕಕ್ಕಿಟ್ಟು, ಉಳಿದ ಮೈಯನ್ನು ಹಿಂದಿನ ಹಂತಗಳಿಗೆ ಒಡ್ಡಿ.

ಹಂತ 7: ಈಗ ನಿಘಂಟು ತೆರೆಯಿರಿ

ವ್ಯುತ್ಪತ್ತಿಯ ಸಾಲು ನೋಡಲು ಬೀಜಗಣಿತದಂತಿರುತ್ತದೆ, ಓದುವುದು ಸುಲಭ. ‘ಹಳೆಯ ಇಂಗ್ಲಿಷ್’ ಎಂದಿದ್ದರೆ ಸುಮಾರು 1100ಕ್ಕೆ ಮುಂಚಿನದು. ‘ಮಧ್ಯ ಇಂಗ್ಲಿಷ್’ ಎಂದರೆ ಅಲ್ಲಿಂದ 1500ರ ಸುಮಾರಿನವರೆಗಿನದು. ‘ಆಂಗ್ಲೋ-ಫ್ರೆಂಚ್’ ಎಂದರೆ ಇಂಗ್ಲೆಂಡಿನಲ್ಲೇ ಬೆಳೆದ ಫ್ರೆಂಚ್. ಕೋನದಂಥ ಬಾಣದ ಗುರುತಿಗೆ ‘ಇಂದ ಬಂದದ್ದು’ ಎಂದರ್ಥ. ಪದದ ಮೊದಲಿಗೆ ನಕ್ಷತ್ರವಿದ್ದರೆ ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಊಹಿಸಿ ಕಟ್ಟಿದ್ದು.

ಮೊದಲ ಬಾಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮುಖ್ಯವಾಗಿ ನೋಡಿ. ಇಂಗ್ಲಿಷಿಗೆ ಕೈಯಿಂದ ಕೈಗೆ ಕೊಟ್ಟ ಭಾಷೆ ಅದು. ಸಾಲಿನ ಕೊನೆಯಲ್ಲಿರುವುದು ಮುತ್ತಜ್ಜ. ‘ಪದ ಲ್ಯಾಟಿನ್ನಿನದು’ ಎಂದು ವಾದಿಸುವವರು ಮುತ್ತಜ್ಜನನ್ನೂ ‘ಫ್ರೆಂಚಿನದು’ ಎನ್ನುವವರು ಅಪ್ಪನನ್ನೂ ತೋರಿಸುತ್ತಿರುತ್ತಾರೆ. ಜಗಳದಲ್ಲಿ ಇಬ್ಬರೂ ಸರಿ. ಜೊತೆಗೆ ಮೊದಲ ಬಳಕೆಯ ವರ್ಷವನ್ನು ಬರೆದುಕೊಂಡು ಒಂದನೆಯ ಹಂತದ ಬಾಗಿಲುಗಳೊಡನೆ ತಾಳೆ ಮಾಡಿ.

ಹಂತ 8: ಬಳಕೆಯಲ್ಲಿ ಪರೀಕ್ಷಿಸಿ

ಅನುವಾದಕರಿಗೆ ಇದೇ ಮುಖ್ಯ ಹಂತ. ಆಸ್ಕ್, ಕ್ವೆಶ್ಚನ್, ಇಂಟರಾಗೇಟ್ ಮೂರಕ್ಕೂ ಕೇಳುವುದೆಂದೇ ಅರ್ಥ. ಮೊದಲನೆಯದು ಮನೆಮಾತು: ದಾರಿ ಕೇಳುವುದು. ಎರಡನೆಯದು ಫ್ರೆಂಚ್: ಪ್ರಶ್ನಿಸುವುದು. ಮೂರನೆಯದು ಲ್ಯಾಟಿನ್: ಠಾಣೆಯಲ್ಲಿ ಕೂರಿಸಿ ವಿಚಾರಣೆ ಮಾಡುವುದು. ಕನ್ನಡಕ್ಕೆ ತರುವಾಗ ಮೂರನ್ನೂ ‘ಪ್ರಶ್ನಿಸಿದರು’ ಎಂದು ಬರೆದರೆ ಹದ ಕೆಡುತ್ತದೆ. ನಮ್ಮಲ್ಲೂ ಮೂರು ಮೆಟ್ಟಿಲಿವೆ, ಬಳಸಿಕೊಳ್ಳಿ.

ಕೋರ್ಟಿನ ಸುದ್ದಿ ಈ ಅಭ್ಯಾಸಕ್ಕೆ ಒಳ್ಳೆಯ ಗರಡಿ. ಅಲ್ಲಿನ ಮನುಷ್ಯರೂ ಅವರು ಆಡುವ ಮಾತೂ ಫ್ರೆಂಚ್: ಜಡ್ಜ್, ಅಟಾರ್ನಿ, ಬೇಲ್. ಬರೆಯುವ ಕಾಗದಗಳು ಲ್ಯಾಟಿನ್: ಅಫಿಡವಿಟ್ (ಪ್ರಮಾಣ ಮಾಡಿದ್ದಾನೆ), ಕೇವಿಯಟ್ (ಎಚ್ಚರವಹಿಸಲಿ), ಹೇಬಿಯಸ್ ಕಾರ್ಪಸ್ (ಶರೀರವನ್ನು ಹಾಜರುಪಡಿಸು). ಒಂದು ಕಾಲಕ್ಕೆ ವಾದ ಫ್ರೆಂಚಿನಲ್ಲೂ ದಾಖಲೆ ಲ್ಯಾಟಿನ್ನಿನಲ್ಲೂ ಇದ್ದದ್ದರ ಅಚ್ಚು ಧಾರವಾಡದ ನ್ಯಾಯಾಲಯದ ಕಡತದಲ್ಲೂ ಉಳಿದಿದೆ. ಅಡ್ವೊಕೇಟ್ ಜನರಲ್ ಎಂಬಲ್ಲಿ ವಿಶೇಷಣ ಹಿಂದೆ ಹೋಗಿರುವುದೂ ಫ್ರೆಂಚ್ ಕ್ರಮವೇ. ಬ್ಯಾಂಕಿನವರು ಕೊಡುವ ‘ಮಾರ್ಟ್‌ಗೇಜ್’ ಪತ್ರದ ಹೆಸರನ್ನು ಬಿಡಿಸಿದರೆ ಹಳೆಯ ಫ್ರೆಂಚಿನಲ್ಲಿ ‘ಸತ್ತ ಒತ್ತೆ’. ಸಾಲ ತೀರದಿದ್ದರೆ ಜಮೀನು ನಿಮ್ಮ ಪಾಲಿಗೆ ಸತ್ತಿತು, ತೀರಿದರೆ ಒತ್ತೆಯೇ ಸತ್ತಿತು ಎಂದು ಹಳೆಯ ಕಾನೂನು ಪಂಡಿತರು ಇದನ್ನು ವಿವರಿಸುತ್ತಿದ್ದರು.

ಒಂದು ಪದವನ್ನು ಪೂರ್ತಿ ಬಿಡಿಸೋಣ

ಕರ್ಫ್ಯೂ. ಮನೆಮಾತಿನ ಗುರುತುಗಳಾವುವೂ ಇಲ್ಲ, ಪರಿಚಿತ ಬಾಲವಿಲ್ಲ, ಮೌನದ ಅಕ್ಷರವಿಲ್ಲ. ಗಿಡ್ಡವಾಗಿದೆ, ಚೆನ್ನಾಗಿ ಸವೆದಂತಿದೆ; ವಿಷಯ ಆಳ್ವಿಕೆಯದು. ಊಹೆ: ಹೆಬ್ಬಾಗಿಲು, ಮಧ್ಯಕಾಲದ ಫ್ರೆಂಚ್. ನಿಘಂಟು ತೆರೆದರೆ ಮೊದಲ ಬಾಣ ಆಂಗ್ಲೋ-ಫ್ರೆಂಚಿಗೇ ಹೋಗುತ್ತದೆ. ಅರ್ಥ ‘ಬೆಂಕಿ ಮುಚ್ಚು’. ಸಂಜೆಯ ಗಂಟೆ ಬಾರಿಸಿದಾಗ ಒಲೆಯ ಕೆಂಡವನ್ನು ಮುಚ್ಚಿಡಬೇಕಿತ್ತು, ಬೆಂಕಿ ಅನಾಹುತವಾಗದಿರಲೆಂದು. ಮೊದಲ ತುಂಡು ‘ಕವರ್’ ಎಂಬುದರ ಬಂಧು. ಎರಡನೆಯ ತುಂಡು ಬೆಂಕಿ ಎಂಬರ್ಥದ ಫ್ರೆಂಚ್ ಪದ, ಅದರ ಹಿಂದೆ ಒಲೆ ಎಂಬರ್ಥದ ಲ್ಯಾಟಿನ್ ‘ಫೋಕುಸ್’. ಅದೇ ಲ್ಯಾಟಿನ್ ಪದ 17ನೇ ಶತಮಾನದಲ್ಲಿ ವಿಜ್ಞಾನಿಗಳ ಕೈಹಿಡಿದು ಮತ್ತೆ ಬಂತು, ಇಡಿಯಾಗಿ: ಫೋಕಸ್. ಕರ್ಫ್ಯೂವಿನ ಕೊನೆಯ ಅಕ್ಷರ ತದ್ಭವ, ಕ್ಯಾಮೆರಾದ ಫೋಕಸ್ ತತ್ಸಮ.

ಮುಂದಿನದನ್ನು ನೀವು ಬಿಡಿಸಿ. ಬಸ್ಸಿನ ಕಿಟಕಿಯಿಂದ ತೂರಿಸಿ ಸೀಟು ಹಿಡಿಯುತ್ತೇವಲ್ಲ, ಆ ಕರ್ಚೀಫ್. ಮುಂದೆ ಹತ್ತಿದ ‘ಹ್ಯಾಂಡ್’ ಮನೆಯದು, ಅದನ್ನು ನಾವು ಆಗಲೇ ಉದುರಿಸಿದ್ದೇವೆ. ಉಳಿದದ್ದರ ಮೊದಲ ತುಂಡು ಕರ್ಫ್ಯೂವಿನದೇ. ಎರಡನೆಯ ತುಂಡಿಗೆ ನಾಲ್ಕನೆಯ ಹಂತದ ಚೀಫ್ ಮತ್ತು ಶೆಫ್ ಇರುವಲ್ಲಿಗೆ ಹೋಗಿ ನೋಡಿ.